ಪ್ಲಗ್ ಮೀಮಾಂಸೆ

ಪೀಠಿಕೆ: ಸ್ಪಾರ್ಕ್ ಪ್ಲಗ್ಗಿನ ವಿಷಯದಲ್ಲಿ ಪಂಡಿತರು ಎರಡು ಪಂಗಡ. ಹೊಸ ಪ್ಲಗ್ ಹಾಕಿದರೆ ಅಶ್ವಶಕ್ತಿ ಏರುತ್ತದೆಂಬ ವರ್ಧನವಾದಿಗಳು. ಕಾರು ನಡುರಸ್ತೆಯಲ್ಲಿ ನಿಲ್ಲುವತನಕ ಪ್ಲಗ್ ಮುಟ್ಟಕೂಡದೆಂಬ ನಿತ್ಯತ್ವವಾದಿಗಳು. ಇಬ್ಬರ ಬಾಯನ್ನೂ ಮುಚ್ಚಿಸುವುದೇ ಈ ಪ್ರಬಂಧದ ಪ್ರಯೋಜನ. ಟರ್ಬೊ ಕಾರು ಕೊಂಡು ಇನ್ನೂ ಕಂತು ಕಟ್ಟುತ್ತಿರುವವನೇ ಇದಕ್ಕೆ ಅಧಿಕಾರಿ.

ಕ್ಷಯ ಪ್ರಕರಣ: ಪ್ರತಿ ಕಿಡಿಯೂ ಎಲೆಕ್ಟ್ರೋಡಿನಿಂದ ಒಂದಿಷ್ಟು ಲೋಹವನ್ನು ದಕ್ಷಿಣೆಯಾಗಿ ಪಡೆದೇ ಹೊರಡುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ 6,000 ಆರ್‌ಪಿಎಂನಲ್ಲಿ ತಿರುಗುವಾಗ ಒಂದೊಂದು ಪ್ಲಗ್ಗೂ ನಿಮಿಷಕ್ಕೆ 3,000 ಸಲ ಈ ದಾನ ಮಾಡುತ್ತದೆ. ಚೂಪಾದ ಅಂಚು ಮೊಂಡಾಗುತ್ತದೆ, ಎಲೆಕ್ಟ್ರೋಡುಗಳ ನಡುವಿನ ಗ್ಯಾಪ್ ಅಗಲವಾಗುತ್ತದೆ, ಅದನ್ನು ದಾಟಲು ಕಾಯಿಲ್ ಹೆಚ್ಚು ವೋಲ್ಟೇಜ್ ಹೊಂದಿಸಬೇಕಾಗುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬಿದಷ್ಟೂ ಕಿಡಿ ಹಾರುವುದು ಕಷ್ಟ. ಮನೆ ಮುಂದೆ ಸಾಧುವಾಗಿದ್ದ ಎಂಜಿನ್ ಓವರ್‌ಟೇಕ್ ಮಾಡುವಾಗಲೇ ಮುಗ್ಗರಿಸುವ ರಹಸ್ಯ ಇದೇ. ಇದಕ್ಕೆ ಬಂಕಿನ ಪೆಟ್ರೋಲನ್ನು ದೂರುವುದು ಅಪಸಿದ್ಧಾಂತ.

ಶೀತೋಷ್ಣ ಪ್ರಕರಣ: ಪಪ್ಪಾಯ ಉಷ್ಣ, ಸೌತೆಕಾಯಿ ತಂಪು ಎಂದು ಬಲ್ಲ ನಾಡಿಗೆ ಹೀಟ್ ರೇಂಜ್ ಹೊಸ ತತ್ತ್ವವೇನಲ್ಲ. ತುದಿಯ ಕಾವನ್ನು ಬೇಗ ಸಿಲಿಂಡರ್ ಹೆಡ್ಡಿಗೆ ದಾಟಿಸುವ ಪ್ಲಗ್ ಶೀತ, ನಿಧಾನಿಸುವುದು ಉಷ್ಣ. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮಸಿ ಸುಡದೆ ಅಂಟಿಕೊಳ್ಳುತ್ತದೆ. 850 ದಾಟಿದರೆ ಕಿಡಿಗೂ ಮೊದಲೇ ತುದಿಯೇ ಬೆಂಕಿ ಹಚ್ಚಿ ಪಿಸ್ಟನ್ನಿಗೆ ಸಂಚಕಾರ ತರುತ್ತದೆ. ಇಲ್ಲೊಂದು ಮತಭೇದವುಂಟು. ಜಪಾನಿನ ಎನ್‌ಜಿಕೆ ಸಂಪ್ರದಾಯದಲ್ಲಿ ಹೀಟ್ ರೇಂಜಿನ ಅಂಕಿ ಏರಿದಷ್ಟೂ ತಂಪು. ಜರ್ಮನಿಯ ಬಾಷ್ ಸಂಪ್ರದಾಯದಲ್ಲಿ ಅಂಕಿ ಏರಿದಷ್ಟೂ ಉಷ್ಣ. ಎರಡನ್ನೂ ಸಮನ್ವಯಗೊಳಿಸುವ ಆಚಾರ್ಯರು ಇನ್ನೂ ಅವತರಿಸಿಲ್ಲ.

ಲೋಹ ಪ್ರಕರಣ: ನಿಕ್ಕಲ್ 1,455 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂ 1,768ಕ್ಕೆ, ಇರಿಡಿಯಂ 2,446ಕ್ಕೆ. ಆದ್ದರಿಂದ ಇರಿಡಿಯಂ ತುದಿಯನ್ನು ಅರ್ಧ ಮಿಲಿಮೀಟರಿನಷ್ಟು ಸಪೂರ ಮಾಡಿದರೂ ಬೇಗ ಸವೆಯದು, ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಬೆಲೆ ಕೇಳಿದಾಗ ಮಾಲೀಕನ ಎದೆಯಲ್ಲಿ ಹಾರುವ ಕಿಡಿಗೆ ಮಾತ್ರ ಯಾವ ವೋಲ್ಟೇಜೂ ಬೇಡ.

ಮುಖಲಕ್ಷಣ ಪ್ರಕರಣ: ಬಿಚ್ಚಿದ ಪ್ಲಗ್ಗಿನ ತುದಿ ತಿಳಿಗಂದಾಗಿದ್ದರೆ ಸರ್ವಂ ಶುಭಂ. ಒಣಮಸಿ ಹಿಡಿದಿದ್ದರೆ ಪೆಟ್ರೋಲ್ ಅತಿಯಾಗಿದೆ, ಇಲ್ಲವೇ ಪ್ಲಗ್ ಅತಿ ತಂಪು. ಎಣ್ಣೆ ಮೆತ್ತಿದ್ದರೆ ಪಿಸ್ಟನ್ ರಿಂಗು, ವಾಲ್ವ್ ಸೀಲುಗಳ ಗ್ರಹಚಾರ ನೋಡಬೇಕು. ಬಿಳಿಚಿಕೊಂಡು ಬೊಬ್ಬೆ ಎದ್ದಿದ್ದರೆ ಕಾವು ಮೀರಿದೆ. ವಾದ ನಿಲ್ಲಿಸಿ ಗ್ಯಾರೇಜಿಗೆ ನಡೆಯತಕ್ಕದ್ದು.

ಪೂರ್ವಪಕ್ಷ: “ರೇಸಿಗೆ ತಣ್ಣನೆಯ ಪ್ಲಗ್ ಹಾಕುತ್ತಾರಲ್ಲ, ನನ್ನ ಕಾರಿಗೂ ಯಾಕಾಗಬಾರದು?” ಉತ್ತರ: ಆ ಕಾರು ಓಡುವುದು ಟ್ರ್ಯಾಕಿನಲ್ಲಿ, ತಮ್ಮದು ತೆವಳುವುದು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ. ಅಲ್ಲಿ ಕಾವೇರುವುದು ಚಾಲಕನ ತಲೆ. ಪ್ಲಗ್ಗಿಗೆ ಮಸಿಯೇ ಗತಿ.

ಸಿದ್ಧಾಂತ: ಎಂಜಿನ್ ಮೂಲಸ್ಥಿತಿಯಲ್ಲಿದ್ದರೆ ತಯಾರಕರು ಹೇಳಿದ ನಂಬರೇ ಪ್ರಮಾಣ. ಎಂಜಿನ್ ಕಂಪ್ಯೂಟರನ್ನು ರೀಮ್ಯಾಪ್ ಮಾಡಿಸಿ 75–100 ಅಶ್ವಶಕ್ತಿಯಷ್ಟು ನಿಜವಾಗಿ ಹೆಚ್ಚಿಸಿದ್ದರೆ ಒಂದು ಮೆಟ್ಟಿಲು ತಂಪಾದದ್ದು ಯೋಗ್ಯ. ಗ್ಯಾಪನ್ನೂ ಟ್ಯೂನರ್ ಹೇಳಿದಷ್ಟಕ್ಕೆ ಕಿರಿದು ಮಾಡಬೇಕು. ಸ್ಟಿಕರ್ ಅಂಟಿಸಿ ಏರಿದ ಶಕ್ತಿಯನ್ನು ಈ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಹೊಸ ಪ್ಲಗ್ ಮರಳಿ ಕೊಡುವುದು ಹಳೆಯದು ಕಳೆದಿದ್ದನ್ನಷ್ಟೇ. ಎಲ್ಲ ಸಿಲಿಂಡರಿಗೂ ಒಟ್ಟಿಗೆ, ಎಂಜಿನ್ ತಣ್ಣಗಿರುವಾಗ, ಟಾರ್ಕ್ ರೆಂಚ್ ಹಿಡಿದೇ ಹಾಕಿಸಬೇಕು. ಮ್ಯಾನುಯಲ್ ಓದದೆ ವಾದಕ್ಕೆ ಬರುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ.