ಜೀಪಿನ ಶೃಂಗಾರ

ಸಕಲೇಶಪುರದ ತೋಟಗಳಲ್ಲಿ ಜೀಪಿಗೆ ನಡೆಯುವಷ್ಟು ಶೃಂಗಾರ ಮದುಮಗಳಿಗೂ ನಡೆಯುವುದಿಲ್ಲ. ಹಿಂದೆ ಶಿಕಾರಿಯ ಕಾಲದಲ್ಲಿ ಟಾಪು ಕಳಚಿ ಸರ್ಚ್‌ಲೈಟು ಕಟ್ಟಿದರೆ ಮುಗಿಯಿತು. ಹುಲಿ-ಚಿರತೆಗೆ ಅಷ್ಟು ಮರ್ಯಾದೆ ಸಾಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೋವಿಯನ್ನು ಗೋಡೆಗೇರಿಸಿತು. ಜೀಪಿನ ಶೋಕಿ ಮಾತ್ರ ಇಳಿಯಲಿಲ್ಲ.

ಈಗ ದಪ್ಪ ಟೈರು, ಮುಂದೆ ವಿಂಚು, ಪಕ್ಕದಲ್ಲಿ ಸ್ನಾರ್ಕೆಲ್ಲು, ನೆತ್ತಿಯ ಮೇಲೆ ಸಾಲು ದೀಪ. ಬಿಸಿಲೆ ರಸ್ತೆಯ ತಿರುವಿನಲ್ಲಿ ಕಾಡಾನೆ ಎದುರಾದರೆ ಇಷ್ಟೆಲ್ಲ ಸಾಮಾನಿನ ನಡುವೆ ಉಪಯೋಗಕ್ಕೆ ಬರುವುದು ಕಂಪನಿಯವರೇ ಕೊಟ್ಟ ರಿವರ್ಸ್ ಗೇರು ಒಂದೇ!

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಬೀಳಬಹುದು. ಗ್ಯಾರೇಜಿಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ, ಸ್ವಾಮಿ. ಆನೆ ಬಿಟ್ಟರೂ ಅವರು ಬಿಡರು.