ಬೆಣ್ಣೆ ತೆಗೆದ ನೀರು

ದಸರಾ ರಜೆಗೆ ಬಂದ ಮೊಮ್ಮಗಳು ಬ್ಯಾಗಿನಿಂದ ಬಟ್ಟೆಗೂ ಮೊದಲು ತೆಗೆದದ್ದು ಒಂದು ಡ್ರಾಯಿಂಗ್ ಶೀಟು. ಶಾಲೆಯವರು ರಜೆಗೆಂದು ಹೊರಿಸಿದ ಕೆಲಸ: ಶಕ್ತಿಯ ರೂಪಾಂತರಕ್ಕೆ ಐದು ಉದಾಹರಣೆ, ಚಿತ್ರಸಹಿತ. ‘ಅಜ್ಜ ಮಾಡಿಸ್ತಾರೆ ಅಂತ ಅಮ್ಮ ಹೇಳಿದಾಳೆ’ ಎಂದಳು. ಆ ಅಮ್ಮ ಏಳನೇ ಕ್ಲಾಸಿನಲ್ಲಿದ್ದಾಗ ಅವಳ ಯಾವ ಚಿತ್ರಕ್ಕೂ ಒಂದು ಗೆರೆ ಎಳೆದುಕೊಟ್ಟವನಲ್ಲ ನಾನು. ಹಳೆ ಬಾಕಿ ಬಡ್ಡಿ ಸಮೇತ ವಸೂಲಿಗೆ ಬಂದಿತ್ತು.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು ಒಂದು ಖಾತೆಯ ದುಡ್ಡನ್ನು ಇನ್ನೊಂದಕ್ಕೆ ದಾಟಿಸಿದವನಿಗೆ ಇದೇನು ಮಹಾ? ಶಕ್ತಿಯನ್ನು ಹುಟ್ಟಿಸೋಕಾಗಲ್ಲ, ಸಾಯಿಸೋಕಾಗಲ್ಲ, ರೂಪ ಬದಲಾಯಿಸಬಹುದು ಅಷ್ಟೆ. ಖರ್ಚಿಗೆ ಬರೆದದ್ದು ಎಲ್ಲಾದರೂ ಒಂದು ಕಡೆ ಜಮೆಗೆ ಬರಲೇಬೇಕು. ಕನ್ನಡಕ ಏರಿಸಿ ಶುರು ಮಾಡಿದೆ.

‘ಮೊದಲು ಹೇಳು, ಶಕ್ತಿ ಅಂದರೇನು?’

‘ಆಧಾರ್ ತೋರಿಸಿದ್ರೆ ಬಸ್ಸಲ್ಲಿ ಅಮ್ಮಂಗೆ ಕೊಡ್ತಾರಲ್ಲ, ಅದು.’

ತಪ್ಪು ಎನ್ನುವಂತಿಲ್ಲ. 2023ರ ಜೂನ್‌ನಿಂದ ಈ ರಾಜ್ಯದ ಹೆಂಗಸರನ್ನು ಊರಿಂದೂರಿಗೆ ಚಲಿಸುವಂತೆ ಮಾಡಿರುವುದು ಆ ಶಕ್ತಿಯೇ. ಒಳಗೆ ಗೊಂಬೆ ಜೋಡಿಸುತ್ತಿದ್ದ ನನ್ನವಳಿಗೆ ಶಕ್ತಿ ಎಂದರೆ ಒಂಬತ್ತು ದಿನ ಪೂಜೆ ಮಾಡಿಸಿಕೊಳ್ಳುವವಳು. ನಮ್ಮೂರಿನವರಿಗೆ ಅದು ಮುದ್ದೆಯಲ್ಲಿದ್ದು ಅನ್ನದಲ್ಲಿ ಇಲ್ಲದ್ದು. ಶಕ್ತಿ, ಬಲ, ಸಾಮರ್ಥ್ಯ, ತ್ರಾಣ ಎಲ್ಲವನ್ನೂ ನಾವು ಒಂದೇ ಡಬ್ಬಿಯಲ್ಲಿ ಇಟ್ಟು ಸುಖವಾಗಿದ್ದೆವು. ವಿಜ್ಞಾನದ ಪುಸ್ತಕದವರು ಬಂದು ಮೊದಲ ಮೂರಕ್ಕೂ ಬೇರೆ ಬೇರೆ ಚೀಟಿ ಅಂಟಿಸಿದರು. ಅದಲುಬದಲಾದರೆ ಮಾರ್ಕ್ಸು ಕಟ್.

ಚೀಟಿ ಬಿಟ್ಟು ಕತೆ ಹಿಡಿದೆ. ನಮ್ಮದು ಮಳವಳ್ಳಿ ಸೀಮೆ. ಶಿವನಸಮುದ್ರದ ವಿದ್ಯುದಾಗಾರ ಇರುವ ಜಾಗಕ್ಕೆ ನಮ್ಮ ಕಡೆ ‘ಬ್ಲಫ್’ ಅಂತಲೇ ಹೆಸರು. ಇಂಗ್ಲಿಷಿನಲ್ಲಿ ಅದಕ್ಕೆ ಕಡಿದಾದ ದಿಣ್ಣೆ ಎಂಬ ಅರ್ಥವೂ ಉಂಟೆಂದು ತಿಳಿಯುವವರೆಗೆ, ಕರೆಂಟಿನ ವಿಷಯದಲ್ಲಿ ಯಾರೋ ನಮಗೆ ಸುಳ್ಳು ಹೇಳಿದ್ದಾರೆ ಎಂದೇ ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ಪಕ್ಕದ ಹಳ್ಳಿಗಳ ಕಡೆ ತಿರುಗಿಯೂ ನೋಡದೆ 147 ಕಿಲೋಮೀಟರ್ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ನಮ್ಮ ಮನೆಗೆ ಬರುವ ಹೊತ್ತಿಗೆ ನಾನು ಬುಡ್ಡಿ ದೀಪದಲ್ಲೇ ಹೈಸ್ಕೂಲು ಮುಗಿಸುತ್ತಿದ್ದೆ.

ಆದರೆ ನಮ್ಮಜ್ಜಿಯ ತಕರಾರು ಬೇರೆ. ಅವಳ ಪ್ರಕಾರ ಬ್ಲಫ್‌ನಿಂದ ಕೆಳಕ್ಕೆ ಹೋಗುವ ಕಾವೇರಿ ಬರೀ ಸಪ್ಪೆ. ‘ಕರೆಂಟು ತೆಗೆದ ನೀರು ಕಣೋ, ಬೆಣ್ಣೆ ತೆಗೆದ ಮಜ್ಜಿಗೆ ಇದ್ದಂಗೆ. ಅದನ್ನ ಗದ್ದೆಗೆ ಬಿಟ್ರೆ ಭತ್ತ ಎಲ್ಲಿಂದ ಕಾಳು ಕಟ್ಟಬೇಕು?’

ಇದನ್ನು ಹೇಳಿ ನಾನು ನಕ್ಕೆ. ಮೊಮ್ಮಗಳು ನಗಲಿಲ್ಲ.

‘ನೀರಿಂದ ಕರೆಂಟು ಬಂತು ಅಂದ್ಮೇಲೆ ನೀರಲ್ಲಿ ಏನೋ ಕಮ್ಮಿ ಆಗಿರಬೇಕಲ್ವ? ನೀವೇ ಹೇಳಿದ್ರಿ, ಖರ್ಚು ಜಮೆ ಅಂತ.’

ಅಲ್ಲಿಗೆ ನನ್ನ ಲೆಕ್ಕದ ಪುಸ್ತಕ ನನ್ನ ಮೇಲೇ ಬಿತ್ತು. ಹೌದಲ್ಲ, ಕಮ್ಮಿಯಾದದ್ದೇನು? ಯೋಚಿಸಿದರೆ, ಅದರ ಎತ್ತರ. ಮೇಲಿದ್ದ ನೀರು ಕೆಳಗೆ ಬಂತು. ಬರುವಾಗ ಪಡೆದ ವೇಗವನ್ನು ಟರ್ಬೈನಿನ ಚಕ್ರ ಕಿತ್ತುಕೊಂಡಿತು. ಆ ಎತ್ತರದಲ್ಲಿ ಅಡಗಿದ್ದದ್ದೇ ಪುಸ್ತಕದ ‘ಪ್ರಚ್ಛನ್ನ ಶಕ್ತಿ’. ಭತ್ತಕ್ಕೆ ಬೇಕಾದ ಸತ್ವ ಎಲ್ಲೂ ಹೋಗಿಲ್ಲ, ನೀರು ನೀರಾಗಿಯೇ ಇದೆ. ಆದರೂ ಬೆಣ್ಣೆಯೊಂದನ್ನು ತೆಗೆದದ್ದು ನಿಜ. ಅಜ್ಜಿ ಅರ್ಧ ಪಾಸು. ನಕ್ಕಿದ್ದಕ್ಕೆ ನಾನು ಪೂರ್ತಿ ಫೇಲು.

ಬೆಣ್ಣೆಯ ಮಾತು ಬಂದದ್ದು ಒಳ್ಳೆಯದೇ ಆಯಿತು. ಮ್ಯಾಂಚೆಸ್ಟರ್ ಕಡೆಯ ಬಿಯರ್ ಭಟ್ಟಿಯವರ ಮನೆಯಲ್ಲಿ ಜೇಮ್ಸ್ ಜೂಲ್ ಅಂತ ಒಬ್ಬನಿದ್ದ. 1840ರ ದಶಕದಲ್ಲಿ ಅವನು ಮಾಡಿದ್ದೇನು? ಒಂದು ಪಾತ್ರೆಯಲ್ಲಿ ನೀರು ತುಂಬಿ, ಅದರೊಳಗೆ ಕಡೆಗೋಲಿನಂಥದ್ದನ್ನು ಇಳಿಬಿಟ್ಟು, ಹಗ್ಗಕ್ಕೆ ತೂಕ ಕಟ್ಟಿ ಕೆಳಗೆ ಬೀಳಿಸಿದ. ತೂಕ ಇಳಿದ ಹಾಗೆ ಕಡೆಗೋಲು ತಿರುಗಿತು, ನೀರು ತುಸುವೇ ತುಸು ಬಿಸಿಯಾಯಿತು. ಎಷ್ಟು ಇಳಿದರೆ ಎಷ್ಟು ಬಿಸಿ ಎಂದು ಅಳೆದ, ಅಷ್ಟೆ. ಬೇಸಗೆಯಲ್ಲಿ ಮೊಸರು ಕಡೆಯುವಾಗ ನಮ್ಮಜ್ಜಿ ಆಗಾಗ ತಣ್ಣೀರು ಸುರಿಯುತ್ತಿದ್ದಳು, ಬೆಣ್ಣೆ ಕರಗಬಾರದು ಅಂತ. ಅವಳ ಹತ್ತಿರ ಥರ್ಮಾಮೀಟರ್ ಇರಲಿಲ್ಲ. ಇದ್ದಿದ್ದರೆ ಇವತ್ತು ಜಗತ್ತು ಶಕ್ತಿಯನ್ನು ಜೂಲ್‌ನಲ್ಲಲ್ಲ, ನಿಂಗಮ್ಮನಲ್ಲಿ ಅಳೆಯುತ್ತಿತ್ತು.

ಆ ಪುಣ್ಯಾತ್ಮ ಹನಿಮೂನಿಗೆ ಹೋದಾಗಲೂ ಥರ್ಮಾಮೀಟರ್ ಹಿಡಿದು ಜಲಪಾತದ ನೀರು ಮೇಲೆಷ್ಟು, ಕೆಳಗೆಷ್ಟು ಎಂದು ನೋಡುತ್ತಿದ್ದನೆಂಬ ಕತೆಯಿದೆ. ಲೆಕ್ಕದಲ್ಲಿ ನಮ್ಮ ಜೋಗದ 253 ಮೀಟರ್ ಬಿದ್ದ ನೀರು ಅರ್ಧ ಡಿಗ್ರಿಗಿಂತ ಕೊಂಚ ಹೆಚ್ಚು ಬಿಸಿಯಾಗಬೇಕು. ದಾರಿಯಲ್ಲಿ ತುಂತುರಾಗಿ ಆವಿಯಾಗಿ ತಣ್ಣಗಾಗುವುದರಿಂದ ಕೈಗೆ ಸಿಗಲಾರದು. ‘ಪಾಪ, ಅವನ ಹೆಂಡ್ತಿ’ ಎಂಬ ದನಿ ಗೊಂಬೆಗಳ ನಡುವಿನಿಂದ ಬಂತು.

ಇನ್ನು ಪ್ರಯೋಗ. ಅಟ್ಟದ ಮೇಲಿನ ಸೈಕಲ್ ಇಳಿಸಿದೆ. ಹಿಂದಿನ ಚಕ್ರಕ್ಕೆ ಒರಗುವ ಬಾಟಲಿ ಡೈನಮೊ ಇನ್ನೂ ಇತ್ತು. ದೀಪವಿಲ್ಲದ ಸೈಕಲ್ಲನ್ನು ಕತ್ತಲಲ್ಲಿ ಪೊಲೀಸರು ಹಿಡಿಯುತ್ತಿದ್ದ ಕಾಲದ ಆಸ್ತಿ ಅದು. ಸ್ಟ್ಯಾಂಡ್ ಹಾಕಿ, ವೈರು ಬಿಚ್ಚಿ, ಕೈಯಿಂದ ಪೆಡಲ್ ತಿರುಗಿಸು ಎಂದೆ. ಗಿರ್ರೆಂದು ತಿರುಗಿಸಿದಳು. ತಿರುಗಿಸುತ್ತಿರುವಾಗಲೇ ವೈರು ಸಿಕ್ಕಿಸಿದೆ. ದೀಪ ಹತ್ತಿತು. ಅವಳು ದೀಪ ನೋಡಲಿಲ್ಲ, ತನ್ನ ಕೈ ನೋಡಿಕೊಂಡಳು.

‘ಅಜ್ಜ, ಯಾರೋ ಹಿಡ್ಕೊಂಡ ಹಾಗಾಯ್ತು!’

ನನಗೆ ಮೈ ಜುಮ್ಮೆಂದಿತು. ನಾಲ್ಕು ಪುಟದ ಪಾಠ ಅವಳ ಮಣಿಕಟ್ಟಿಗೆ ಹೋಗಿ ಕೂತಿತ್ತು. ಮತ್ತೆ ಬಿಚ್ಚಿದೆ, ಹಗುರ. ಸಿಕ್ಕಿಸಿದೆ, ಭಾರ. ಹತ್ತು ಸಲ ಮಾಡಿಸಿಕೊಂಡಳು. ಬೆಳಕಿನ ಬಿಲ್ಲು ತನ್ನ ಕೈಯಿಂದಲೇ ಕಡಿತವಾಗುತ್ತಿದೆ ಎಂದು ಗೊತ್ತಾದವರ ಮುಖ ಹೇಗಿರುತ್ತದೆಂದು ಅವತ್ತು ನೋಡಿದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವವರು ಅಜ್ಜಂದಿರಾಗುವುದಿಲ್ಲ. ಕಾಗದ ತೆಗೆದು ಲೆಕ್ಕ ಹಾಕಿದೆ: ಒಂದು ಇಡ್ಲಿಗೆ ಸುಮಾರು 40 ಕ್ಯಾಲೊರಿ, ಎಂದರೆ ಒಂದೂವರೆ ಲಕ್ಷ ಜೂಲ್‌ಗೂ ಮೇಲೆ. ಅದರಲ್ಲಿ ಕಾಲಿನ ಸ್ನಾಯು ಕೆಲಸಕ್ಕೆ ಕೊಡುವುದು ಕಾಲು ಭಾಗ, ಉಳಿದದ್ದು ಮೈಬಿಸಿ. ಡೈನಮೊ ಅರ್ಧ ನುಂಗುತ್ತದೆ. ಕಮಿಷನ್ ಇಲ್ಲದೆ ಒಂದು ವರ್ಗಾವಣೆಯೂ ಇಲ್ಲ. ಕೊನೆಗೆ 3 ವಾಟಿನ ಬಲ್ಬಿಗೆ ಒಂದು ಇಡ್ಲಿ ಹೆಚ್ಚುಕಡಿಮೆ ಎರಡು ಗಂಟೆ ಬರುತ್ತದೆ. ಬಲ್ಬು ಕೂಡ ಅದರ ಬಹುಪಾಲನ್ನು ಬಿಸಿಗೇ ಸುರಿದು ಚಿಲ್ಲರೆಯನ್ನಷ್ಟೇ ಬೆಳಕಾಗಿ ಕೊಡುವುದು, ಅದು ಬೇರೆ ಮಾತು.

‘ಬೆಳಿಗ್ಗೆ ಆರು ತಿಂದಿದೀರಿ. ರಾತ್ರಿಯಿಡೀ ಉರೀಬೇಕು’ ಎಂದು ಗೊಂಬೆಗಳ ಕಡೆಯಿಂದ ಸವಾಲು ಬಂತು.

ಪಂಚೆ ಎತ್ತಿ ಕಟ್ಟಿ ಸೈಕಲ್ ಏರಿದೆ. ಆರಿಡ್ಲಿಯ ಮರ್ಯಾದೆಯ ಪ್ರಶ್ನೆ. ಮೊದಲು ಹಳದಿ, ಆಮೇಲೆ ಬಿಳುಪು. ‘ಇನ್ನೂ ಜೋರಾಗಿ ಅಜ್ಜ!’ ಡೈನಮೊದಲ್ಲಿ ವೇಗ ಏರಿದಂತೆ ವೋಲ್ಟೇಜೂ ಏರುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಿರಲಿಲ್ಲ. ನೀಲಿಯಾಗಿ ಒಂದು ಮಿಂಚು, ಟಿಕ್ ಎಂದು ಒಂದು ಸದ್ದು, ಕತ್ತಲು. ತಟ್ಟನೆ ಹಗುರಾದ ಪೆಡಲಿನ ಮೇಲೆ ಕಾಲು ಜಾರಿ ನಾನು ಕೆಳಕ್ಕೆ ಬಂದೆ. ಎತ್ತರ ಹೆಚ್ಚೇನಿರಲಿಲ್ಲ. ಪ್ರಚ್ಛನ್ನ ಶಕ್ತಿ ಪೂರ್ತಿಯಾಗಿ ಬಲ ಮಂಡಿಗೆ ಜಮೆಯಾಯಿತು.

ಐದನೇ ಚಿತ್ರ ಅದೇ: ಇಡ್ಲಿ, ಬಾಣ, ಅಜ್ಜ, ಬಾಣ, ಸೈಕಲ್, ಬಾಣ, ಬಲ್ಬು, ಕೊನೆಯ ಬಾಣದ ತುದಿಗೆ ಮತ್ತೆ ಅಜ್ಜ, ಮಲಗಿದ ಭಂಗಿಯಲ್ಲಿ. ರಜೆ ಮುಗಿದ ಮೇಲೆ ಶೀಟು ವಾಟ್ಸಾಪಿನಲ್ಲಿ ಬಂತು. ಹತ್ತಕ್ಕೆ ಎಂಟೂವರೆ. ‘ಇಡ್ಲಿ’ ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ‘ರಾಸಾಯನಿಕ ಶಕ್ತಿ’ ಎಂದು ತಿದ್ದಿದ್ದರು. ಅಜ್ಜನನ್ನು ಹಾಗೇ ಬಿಟ್ಟಿದ್ದರು.

ಬೇಸಗೆ ರಜೆಗೆ ಅವಳ ತಮ್ಮನೂ ಬರುತ್ತಾನಂತೆ, ಅವನೂ ಪೆಡಲ್ ತಿರುಗಿಸಬೇಕಂತೆ. ಅಂಗಡಿಯವರೆಲ್ಲ ಎಲ್‌ಇಡಿ ಹಾಕಿಸಿಕೊಳ್ಳಿ ಎನ್ನುತ್ತಾರೆ, ಆದರೆ ನನಗೆ ಬೇಕಾದದ್ದು ಹಳೆಯದೇ. ನಿಮ್ಮ ಅಟ್ಟದ ಮೇಲೆ ಸೈಕಲ್ ಡೈನಮೊಗೆ ಹಾಕುವ 6 ವೋಲ್ಟ್, 3 ವಾಟ್‌ನ ಬಲ್ಬು ಇದ್ದರೆ ಎಸೆಯಬೇಡಿ, ತೆಗೆದಿಡಿ. ಎರಡಿದ್ದರೆ ಎರಡೂ ಬೇಕು.