ಅಂಕಕ್ಕೊಂದು ಭಾಷೆ

ಯಗಟಿಯ ತೋಟದಲ್ಲಿ ಕಾಯಿ ಎಣಿಸಿಕೊಂಡು, ಕೊಬ್ಬರಿಯ ಧಾರಣೆಗಾಗಿ ಅರಸೀಕೆರೆ ತಿಪಟೂರುಗಳ ಕಡೆಗೆ ಕಿವಿಯಿಟ್ಟು ಆಯುಷ್ಯ ಕಳೆದ ನನ್ನಂಥವನಿಗೆ, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ತನ್ನಲ್ಲಿಗೆ ಬರುವ ಬಾಲಕರನ್ನು ಇಂಗ್ಲಿಷಲ್ಲದೆ ಇನ್ನಾವ ಭಾಷೆ ಓದಿದ್ದೀಯೆಂದು ವಿಚಾರಿಸುವುದೆಂಬ ವಾರ್ತೆ ಪರಮಾನಂದವನ್ನು ಉಂಟುಮಾಡಿತು. ಪ್ರೌಢಶಾಲೆಯಲ್ಲಿ ಒಂದೇ ಭಾಷೆಯನ್ನು 2 ವರ್ಷ ಓದಿರುವುದು ಕಡ್ಡಾಯ, 3 ವರ್ಷವಾದರೆ ಲೇಸು, ‘ಸಿ’ಗಿಂತ ಕೆಳಗಿನ ದರ್ಜೆ ಬಂದರೆ ಓದಿಯೂ ಓದದಂತೆ. ಅಜ್ಜಿಯ ಬೈಗುಳಗಳ ಸೂಕ್ಷ್ಮಾರ್ಥವನ್ನೂ ಗ್ರಹಿಸಬಲ್ಲ, ಅಮೆರಿಕದಲ್ಲಿ ಬೆಳೆಯುತ್ತಿದ್ದ ನಮ್ಮ ಮೊಮ್ಮಗನಿಗೆ ಇನ್ನೇನು ಕೊರತೆ? ಆದರೆ ಪುಕ್ಕಟೆಯಾಗಿ ಮನೆಯಲ್ಲಿ ಬಂದ ಮಾತಿಗೆ ಅಂಕಪಟ್ಟಿಯಲ್ಲಿ ತಾನಾಗಿ ಸ್ಥಾನ ದೊರೆಯದಂತೆ. ಮಾನ್ಯತೆಯುಳ್ಳ ತರಗತಿಯೋ ಪರೀಕ್ಷೆಯೋ ಸಾಕ್ಷಿ ನುಡಿಯಬೇಕು. ಕನ್ನಡ ಕೂಟದ ಭಾನುವಾರದ ತರಗತಿಯನ್ನು ಈಜಿನ ಅಭ್ಯಾಸಕ್ಕೋಸ್ಕರ ಎಂದೋ ಬಿಡಿಸಿಯಾಗಿತ್ತು.

ಅಂತೂ ಊಟದ ಮೇಜಿನ ಸುತ್ತ ಸಭೆ ನೆರೆಯಿತು. ಎಪಿ ಎಂಬ ಉನ್ನತ ಪರೀಕ್ಷೆಯಿರುವ ಭಾಷೆಗಳೆಂದರೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನೀ, ಜಪಾನೀ, ಲ್ಯಾಟಿನ್ನುಗಳೆಂದು ಮಗ ಓದಿ ಹೇಳಿದ. ಯಾರ ಮನೆಯಲ್ಲಿಯೂ ಆಡದ ಲ್ಯಾಟಿನ್ನು ಏತಕ್ಕೆಂದು ಅವನೇ ಮೂಗು ಮುರಿದಾಗ ನನಗೆ ನಗು ತಡೆಯಲಾಗಲಿಲ್ಲ. ಏಕೆಂದರೆ ಈ ಮಹಾಶಯನೇ ಕಡೂರಿನಲ್ಲಿ ಪಿಯುಸಿ ಓದುವಾಗ, ಅಂಕಗಳು ಧಾರಾಳವೆಂಬ ಏಕಮಾತ್ರ ಕಾರಣದಿಂದ ಸಂಸ್ಕೃತವನ್ನು ಆರಿಸಿ, ಉತ್ತರಗಳನ್ನು ಬಹುಮಟ್ಟಿಗೆ ಕನ್ನಡದಲ್ಲಿಯೇ ಬರೆದು, ಕಾಳಿದಾಸನೂ ಬೆರಗಾಗುವಷ್ಟು ಅಂಕ ಗಳಿಸಿದವನು. ಆ ಮೇಲೆ ಎಂಜಿನಿಯರಿಂಗಿನ ಸಿಇಟಿಯವರು ಭೌತ, ರಸಾಯನ, ಗಣಿತಗಳನ್ನು ಮಾತ್ರ ಗಣಿಸಿ, ಭಾಷೆಯ ಅಂಕಗಳನ್ನು ಕಣ್ಣೆತ್ತಿಯೂ ನೋಡಲಿಲ್ಲವೆಂಬುದು ಬೇರೆ ಮಾತು.

ಅಮೆರಿಕದ ಸನ್ನೆಭಾಷೆಯೂ ಈ ನಿಯಮಕ್ಕೆ ಸಲ್ಲುವುದೆಂದು ಸೊಸೆ ತಿಳಿಸಿದಳು. ಇದನ್ನು ಕೇಳಿ ನನ್ನ ಮನೆಯವಳಿಗೆ ಹುರುಪೇರಿತು. ನೆಂಟರೆದುರಿಗೆ ಹಾಲಿಲ್ಲ, ಕಾಫಿ ಬೇಕೇ ಎಂದು ಕೇಳಬೇಡಿ ಎಂಬಷ್ಟು ದೀರ್ಘವಾದ ವಾಕ್ಯವನ್ನು ಹುಬ್ಬಿನಿಂದಲೇ ಹೇಳಬಲ್ಲವಳು ಆಕೆ.

“ಅದಕ್ಕೂ ಮಾರ್ಕ್ಸ್ ಕೊಡ್ತಾರೇನೋ? ಹಂಗಾದ್ರೆ ನಾನೇ ಕಲಿಸ್ತೀನಿ ಬಿಡು!”

ಅದು ಬೇರೆಯ ಸನ್ನೆಯೆಂದು ಮಗ ಅವಳನ್ನು ಸಮಾಧಾನಪಡಿಸಿದ. ಕೊನೆಗೆ ಸ್ಪ್ಯಾನಿಷೇ ಸ್ಥಿರವಾಯಿತು. ಗೆಳೆಯರೆಲ್ಲ ಅದನ್ನೇ ತೆಗೆದುಕೊಂಡಿದ್ದರೆಂಬುದು ಹುಡುಗನ ವಾದ, ಮತ್ತು ಆ ದಿನ ಮಂಡಿತವಾದ ವಾದಗಳಲ್ಲೆಲ್ಲ ಅದೊಂದೇ ಪ್ರಾಮಾಣಿಕವಾದದ್ದು.

ಕನ್ನಡಕ್ಕೆ ಯೋಗ ಕೂಡಿಬಂದದ್ದು ಕಡೆಯ ವರ್ಷದಲ್ಲಿ. ಅರ್ಜಿಯೊಡನೆ 8 ಪ್ರಶ್ನೆಗಳಲ್ಲಿ 4ಕ್ಕೆ, ತಲಾ 350 ಪದಗಳನ್ನು ಮೀರದಂತೆ, ತನ್ನ ವಿಷಯವನ್ನು ತಾನೇ ಬರೆದುಕೊಳ್ಳಬೇಕಂತೆ. ಯಗಟಿಗೆ ಬಂದಾಗಲೆಲ್ಲ ಸೊಳ್ಳೆಯೆಂದು ಒಳಗೆ ಅವಿತು, ತೋಟದ ದಾರಿಯನ್ನೇ ತುಳಿಯದಿದ್ದ ಆ ಮಹಾರಾಯ, ಅಂದಿನಿಂದ ಕೈಯಲ್ಲಿ ಲೆಕ್ಕಣಿಕೆ ಹಿಡಿದು, ಬೋರ್‌ವೆಲ್ ಬತ್ತಿದ್ದು ಯಾವಾಗ, ಕೊಬ್ಬರಿ ಒಣಗುವುದು ಹೇಗೆ ಎಂದು ಅಪ್ಪಟ ಕನ್ನಡದಲ್ಲಿ ನನ್ನ ಬೆನ್ನು ಹತ್ತಿದ.

“ತಾತ, ನಂಗೆ ತೆಂಗಿನ ಮರ ಹತ್ತಕ್ಕೆ ಬರುತ್ತೆ ಅಂತ ಬರೀಲಾ?”

“ಅದು ನನಗೇ ಬರಲ್ಲ ಕಣೋ. ಬಿದ್ದ ಕಾಯಿ ಆಯಕ್ಕೆ ಬರುತ್ತೆ ಅಂತ ಬರಿ.”